ರಾತ್ರಿ ಊಟ ಬಿಟ್ಟರೂ ಬೆಳಗ್ಗೆ ಶುಗರ್ ಯಾಕೆ ಇಳಿಯಲಿಲ್ಲ?

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಬಳಿ ಹೆಂಡತಿ ಜೊತೆ ಬಂದಿದ್ದ ಒಬ್ಬರಿಗೆ 41 ವರ್ಷ. ದಾವಣಗೆರೆ ಕಡೆಯವರು, ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಖಾಲಿ ಹೊಟ್ಟೆ ಶುಗರ್ 114, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 6.1. ಎರಡೂ ಸಕ್ಕರೆ ಕಾಯಿಲೆಗೆ ಮುಂಚಿನ ಗಡಿಯಲ್ಲಿವೆ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್, ಅಂದರೆ ಲಿವರ್‌ನಲ್ಲಿ ಕೊಬ್ಬು ತುಂಬಿರುವುದು; ಗ್ರೇಡ್ 1, ಅಂದರೆ ಮೊದಲ ಹಂತ. ಡಾಕ್ಟರು ಮಾತ್ರೆ ಬರೆಯದೆ, ಊಟ-ತಿಂಡಿ ಸರಿಮಾಡಿಕೊಳ್ಳಿ ಎಂದು ನನ್ನ ಬಳಿ ಕಳಿಸಿದ್ದರು.

ಮೊದಲು ಮಾತಾಡಿದ್ದು ಹೆಂಡತಿ. "ಮೇಡಂ, ಇವರು ಒಂದು ಹನಿನೂ ಮುಟ್ಟಿದವರಲ್ಲ. ಆದ್ರೆ ಲಿವರ್ ಅಂದ ಕೂಡ್ಲೇ ನಮ್ಮಣ್ಣ, ಕದ್ದು ಕುಡೀತಾನೇನೋ ನೋಡು ಅಂತಾನೆ." ಗಂಡ ತಲೆ ತಗ್ಗಿಸಿ ಕೂತಿದ್ದರು. ಈ ಅವಮಾನ ಇಟ್ಟುಕೊಂಡು ಯಾರ ಕಿವಿಗೂ ಸಲಹೆ ಹೋಗೋದಿಲ್ಲ. ಹಾಗಾಗಿ ಅದನ್ನೇ ಮೊದಲು ಬಿಡಿಸಿ ಹೇಳಿದೆ. ಕುಡಿತದಿಂದ ಲಿವರ್‌ಗೆ ಕೊಬ್ಬು ತುಂಬುವುದು ನಿಜ. ಆದರೆ ಕುಡಿಯದವರಲ್ಲೂ, ಅದರಲ್ಲೂ ಹೊಟ್ಟೆ ಬಂದವರಲ್ಲಿ, ಇದು ತುಂಬಾ ಸಾಮಾನ್ಯ. ಇವರ ಎತ್ತರ 165 ಸೆಂ.ಮೀ., ತೂಕ 74 ಕೆ.ಜಿ., ಸೊಂಟ 97 ಸೆಂ.ಮೀ. ನಮ್ಮ ದೇಶದ ಗಂಡಸರಿಗೆ 90 ದಾಟಿದರೇ ಎಚ್ಚರಿಕೆ.

ಆಮೇಲೆ ಗಂಡ ಕೇಳಿದರು: "ಒಂದು ತಿಂಗಳಿಂದ ರಾತ್ರಿ ಊಟಾನೇ ಬಿಟ್ಟಿದ್ದೀನಿ. ಆದ್ರೂ ಬೆಳಗ್ಗೆ ಶುಗರ್ ಎಲ್ಲಿಂದ ಬರುತ್ತೆ?"

ಒಳ್ಳೆಯ ಪ್ರಶ್ನೆ. ಬರುವುದು ಲಿವರ್‌ನಿಂದಲೇ. ನಾವು ಮಲಗಿದಾಗಲೂ ಮೆದುಳಿಗೆ ಸಕ್ಕರೆ ಬೇಕು, ಅದನ್ನು ಲಿವರ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ಜಾಸ್ತಿಯಾಗದಂತೆ ತಡೆಯುವುದು ಇನ್ಸುಲಿನ್. ಕೊಬ್ಬು ತುಂಬಿದ ಲಿವರ್ ಇನ್ಸುಲಿನ್ ಮಾತು ಸರಿಯಾಗಿ ಕೇಳುವುದಿಲ್ಲ, ಸಕ್ಕರೆ ಬಿಡುತ್ತಲೇ ಇರುತ್ತದೆ. ಅದನ್ನು ತಡೆಯಲು, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಆ ಹೆಚ್ಚಿನ ಇನ್ಸುಲಿನ್ನೇ ಲಿವರ್‌ನಲ್ಲಿ ಮತ್ತಷ್ಟು ಕೊಬ್ಬು ಕೂಡಿಸುತ್ತದೆ. ಫ್ಯಾಟಿ ಲಿವರ್ ಇರುವವರಿಗೆ ಟೈಪ್ 2 ಸಕ್ಕರೆ ಕಾಯಿಲೆಯ ಅಪಾಯ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಅವರ ಕೈಯಲ್ಲಿದ್ದ ಎರಡು ರಿಪೋರ್ಟೂ ಹೇಳುತ್ತಿದ್ದುದು ಒಂದೇ ಕಥೆ.

ಊಟ ಬಿಟ್ಟು ಏನು ತಗೋತೀರಿ ಅಂದೆ. ದೊಡ್ಡ ಲೋಟ ಮೋಸಂಬಿ ಜ್ಯೂಸ್, ಸಕ್ಕರೆ ಹಾಕಿದ್ದು. ಅಂಗಡಿಯಲ್ಲಿ ದಿನಕ್ಕೆ ಆರು ಟೀ, ಪ್ರತಿಯೊಂದಕ್ಕೂ ಎರಡು ಚಮಚ. ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ನಾವು ಬಳಸುವ ಸಕ್ಕರೆಯಲ್ಲಿ ಅರ್ಧ ಫ್ರಕ್ಟೋಸ್ ಎಂಬ ಬಗೆಯ ಸಕ್ಕರೆ. ಅದನ್ನು ಹೆಚ್ಚಾಗಿ ಸಂಭಾಳಿಸಬೇಕಾದ್ದು ಲಿವರ್, ಮಿಕ್ಕಿದ್ದು ಅಲ್ಲೇ ಕೊಬ್ಬಾಗುತ್ತದೆ. ಊಟ ಬಿಟ್ಟು ಹಸಿದದ್ದೇ ಬಂತು, ಲಿವರ್‌ಗೆ ಬಿಡುವು ಸಿಗಲಿಲ್ಲ.

ಈ ಕೊಬ್ಬು ಕರಗುತ್ತದೆ, ಅದೂ ಬೇಗ. 2011ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ರಾಯ್ ಟೇಲರ್ ತಂಡ ಟೈಪ್ 2 ಇದ್ದ 11 ಜನರಿಗೆ ಎಂಟು ವಾರ ತೀರಾ ಕಡಿಮೆ ಆಹಾರ ಕೊಟ್ಟಿತು. ಒಂದೇ ವಾರದಲ್ಲಿ ಖಾಲಿ ಹೊಟ್ಟೆ ಶುಗರ್ ಮಾಮೂಲಿಗೆ ಬಂತು. ಎಂಟು ವಾರಕ್ಕೆ ಲಿವರ್ ಕೊಬ್ಬು ಶೇ 12.8ರಿಂದ 2.9ಕ್ಕೆ ಇಳಿಯಿತು. ಅಂಥ ಪಥ್ಯವನ್ನು ಡಾಕ್ಟರ ಕಣ್ಗಾವಲಿಲ್ಲದೆ ಮನೆಯಲ್ಲಿ ಮಾಡಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ. ಇವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಆರು ತಿಂಗಳಲ್ಲಿ ಐದರಿಂದ ಏಳು ಕೆ.ಜಿ. ಇಳಿಸೋಣ ಎಂದು ಒಪ್ಪಿಕೊಂಡೆವು. ಜ್ಯೂಸ್ ಪೂರ್ತಿ ಬಂದ್, ಬೇಕಾದರೆ ಇಡೀ ಹಣ್ಣು. ಟೀ ಎರಡೇ, ಸಕ್ಕರೆ ಇಲ್ಲದೆ. ರಾತ್ರಿ ಎಂಟರೊಳಗೆ ಒಂದು ಜೋಳದ ರೊಟ್ಟಿ, ಸೊಪ್ಪಿನ ಪಲ್ಯ, ತಟ್ಟೆ ತುಂಬ ಸೌತೆಕಾಯಿ, ಕಾಳು. ಬಜ್ಜಿ ವಾರಕ್ಕೊಮ್ಮೆ ಇರಲಿ ಎಂದೆ, ಪೂರ್ತಿ ಬಿಡಿಸಿದರೆ ಅವರು ತಾಳುತ್ತಿರಲಿಲ್ಲ. ದಿನಾ ಅರ್ಧ ಗಂಟೆ ಚುರುಕಾಗಿ ನಡೆಯಬೇಕು. ಯಾರೋ ಕೊಟ್ಟ "ಲಿವರ್ ತೊಳೆಯುವ" ಪುಡಿ ಕುಡಿಯುತ್ತಿದ್ದರು. ಅಂಥವುಗಳಿಂದ ಲಿವರ್ ಕೆಟ್ಟವರೂ ಇದ್ದಾರೆ, ಅದನ್ನು ಅಂದೇ ನಿಲ್ಲಿಸಲು ಹೇಳಿದೆ.

ಮೂರು ತಿಂಗಳಿಗೆ ತೂಕ 70, ಖಾಲಿ ಹೊಟ್ಟೆ ಶುಗರ್ 102, ಎಚ್‌ಬಿಎ1ಸಿ 5.8. ಇನ್ನೂ ಗಡಿಯಲ್ಲೇ ಇದೆ, ಆದರೆ ಇಳಿಮುಖ. ಲಿವರ್ ಗಟ್ಟಿಯಾಗಿದೆಯೇ ಎಂಬ ಪರೀಕ್ಷೆ ಬೇಕೋ ಬೇಡವೋ ಡಾಕ್ಟರನ್ನು ಕೇಳಿ ಎಂದೆ. ಅಂದು ಹೆಂಡತಿಯ ಸೊಂಟವನ್ನೂ ಅಳೆದೆ, 86 ಸೆಂ.ಮೀ. ಹೆಂಗಸರಿಗೆ ಗಡಿ 80. ಅವರೂ ಶುಗರ್ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಚೀಟಿ ಬರೆದುಕೊಟ್ಟೆ.