ಅಕ್ಕಿ ಡಬ್ಬಿಯ ಹಿಂದೆ ಹನ್ನೆರಡು ದಿನ

ಪ್ರಶ್ನೆ: ನನಗೆ 34 ವರ್ಷ. ಹಾಸನ ಜಿಲ್ಲೆಯ ಒಂದು ಊರಿನಲ್ಲಿ ಪ್ರೈಮರಿ ಶಾಲೆಯ ಟೀಚರ್. ಇಬ್ಬರು ಮಕ್ಕಳು. ಹತ್ತು ತಿಂಗಳಿಂದ ನಾನು ಸರಿಯಿಲ್ಲ. ಬೆಳಗಿನ ಜಾವ ಮೂರೂವರೆಗೆ ಎಚ್ಚರ ಆದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಊಟ ರುಚಿಸುವುದಿಲ್ಲ. ಪಾಠ ಮಾಡುತ್ತಾ ಎಲ್ಲಿದ್ದೆ ಎಂದೇ ಮರೆತುಹೋಗುತ್ತದೆ. ಮಕ್ಕಳ ಮೇಲೆ ಕೂಗಾಡಿ ಆಮೇಲೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಕೊನೆಗೆ ಮನೋವೈದ್ಯರ ಹತ್ತಿರ ಹೋದೆ. ಖಿನ್ನತೆ ಎಂದರು. ಎಸ್ಸಿಟಲೋಪ್ರಾಮ್ 5 ಎಂ.ಜಿ. ಬೆಳಿಗ್ಗೆ, ಕ್ಲೊನಾಜೆಪಾಮ್ 0.25 ಹತ್ತು ದಿನ ರಾತ್ರಿ ಎಂದು ಬರೆದುಕೊಟ್ಟರು. ಮಾತ್ರೆ ತಂದು ಹನ್ನೆರಡು ದಿನ ಆಯಿತು. ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದೇನೆ, ಒಂದೂ ನುಂಗಿಲ್ಲ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡುವ ಹಾಗಿಲ್ಲವಂತೆ. ಕಿಡ್ನಿ ಹೋಗುತ್ತದೆ ಎಂದು ಮೈದುನ ಹೇಳಿದ. ದಪ್ಪ ಆಗುತ್ತೇನಾ? ಶಾಲೆಯಲ್ಲಿ ಗೊತ್ತಾದರೆ? ಎಲ್ಲಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಮಾತ್ರೆ ತಗೊಂಡ ಮೇಲೆ ನಾನು ನಾನಾಗಿ ಉಳಿಯುತ್ತೇನಾ?

ಉತ್ತರ: ಹನ್ನೆರಡು ದಿನ ಮಾತ್ರೆ ಮುಟ್ಟದೆ ಇಟ್ಟದ್ದಕ್ಕೆ ನಿಮ್ಮನ್ನು ಬೈದುಕೊಳ್ಳಬೇಡಿ. ನನ್ನ ಹತ್ತಿರ ಬರುವವರಲ್ಲಿ ತುಂಬಾ ಜನ ಹೀಗೇ ಮಾಡುತ್ತಾರೆ, ಕೆಲವರು ಹೇಳುತ್ತಾರೆ, ಕೆಲವರು ತಗೊಂಡೆ ಎಂದು ಸುಳ್ಳು ಹೇಳುತ್ತಾರೆ ಅಷ್ಟೇ. ನೀವು ಮಾತ್ರ ನಿಮ್ಮ ವೈದ್ಯರಿಗೆ ನಿಜ ಹೇಳಿಬಿಡಿ. ತಗೊಂಡಿದ್ದೀರಿ ಎಂದುಕೊಂಡು ಅವರು ಡೋಸ್ ಹೆಚ್ಚಿಸಿದರೆ ಕಷ್ಟ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ, ಯಾಕೆಂದರೆ ನಿಮ್ಮ ಅರ್ಧ ಭಯ ಅಲ್ಲೇ ಇದೆ. ನಿಮ್ಮ ಚೀಟಿಯಲ್ಲಿರುವ ಎರಡು ಮಾತ್ರೆಗಳು ಬೇರೆ ಬೇರೆ ಜಾತಿಯವು. ನಮ್ಮ ಕಡೆ ಎರಡನ್ನೂ ಸೇರಿಸಿ ಟೆನ್ಷನ್ ಮಾತ್ರೆ, ನಿದ್ದೆ ಮಾತ್ರೆ ಎಂದುಬಿಡುತ್ತಾರೆ. ಕ್ಲೊನಾಜೆಪಾಮ್ ತಕ್ಷಣ ಕೆಲಸ ಮಾಡುತ್ತದೆ, ನಿದ್ದೆ ತರುತ್ತದೆ, ಮತ್ತು ತಿಂಗಳುಗಟ್ಟಲೆ ತಗೊಂಡರೆ ನಿಜವಾಗಿಯೂ ಅಂಟಿಕೊಳ್ಳುತ್ತದೆ. ಅದಕ್ಕೇ ನಿಮ್ಮ ವೈದ್ಯರು ಹತ್ತೇ ದಿನ ಬರೆದಿದ್ದಾರೆ. ಅದನ್ನು ಅವರನ್ನು ಕೇಳದೆ ಮುಂದುವರಿಸಬೇಡಿ, ಮೆಡಿಕಲ್ ಶಾಪಿನವರು ಹಳೇ ಚೀಟಿ ನೋಡಿ ಕೊಟ್ಟರೂ ಬೇಡ. ಎಸ್ಸಿಟಲೋಪ್ರಾಮ್ ಹಾಗಲ್ಲ. ಅದನ್ನು ನುಂಗಿದ ಕೂಡಲೇ ಹಿತ ಅನಿಸುವುದಿಲ್ಲ, ಇನ್ನೊಂದು ಬೇಕು ಎಂಬ ಚಪಲ ಹುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಈ ಎರಡನ್ನೂ ಒಂದೇ ಮಾತ್ರೆಯಲ್ಲಿ ಸೇರಿಸಿ ಮಾರುತ್ತಾರೆ. ವರ್ಷಗಟ್ಟಲೆ ಅದನ್ನೇ ನುಂಗಿ, ಒಂದು ದಿನ ಬಿಟ್ಟಾಗ ಒದ್ದಾಡಿದವರ ಕತೆ ಊರೆಲ್ಲಾ ಹರಡಿ, 'ಖಿನ್ನತೆ ಮಾತ್ರೆ ಬಿಡೋಕೆ ಆಗಲ್ಲ' ಎಂಬ ಮಾತಾಗಿದೆ. ನಿಮ್ಮ ಎರಡು ಮಾತ್ರೆಗಳು ಬೇರೆ ಬೇರೆ ಇವೆ. ಅದು ಒಳ್ಳೆಯದೇ.

ಈಗ ನಾನು ಮುಖ್ಯವಾಗಿ ಹೇಳಬೇಕಾದದ್ದು. ಎಸ್ಸಿಟಲೋಪ್ರಾಮ್‌ನಲ್ಲಿ ತೊಂದರೆ ಮೊದಲು ಬರುತ್ತದೆ, ಉಪಕಾರ ಆಮೇಲೆ ಬರುತ್ತದೆ. ಇದನ್ನು ಯಾರೂ ಮೊದಲೇ ಹೇಳದಿದ್ದರೆ ಜನ ಅರ್ಧದಲ್ಲೇ ಬಿಡುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಬಸ್ ಕಂಡಕ್ಟರ್‌ಗೆ ಇಂಥದ್ದೇ ಮಾತ್ರೆ ಬರೆದೆ. ಹೊರಗೆ ಉದ್ದ ಸಾಲಿತ್ತು. ತಿಂಗಳು ಬಿಟ್ಟು ಬನ್ನಿ ಎಂದಷ್ಟೇ ಹೇಳಿ ಕಳಿಸಿದೆ. ಐದನೇ ದಿನ ಹೊಟ್ಟೆ ತೊಳಸಿ, ಕೈ ನಡುಗಿ, ಇದು ನನ್ನನ್ನು ಕೊಲ್ಲುತ್ತದೆ ಎಂದುಕೊಂಡು ಅವರು ಮಾತ್ರೆ ಎಸೆದರು. ಮತ್ತೆ ಬಂದದ್ದು ಎಂಟು ತಿಂಗಳ ಮೇಲೆ, ಅಷ್ಟು ಹೊತ್ತಿಗೆ ಡ್ಯೂಟಿಗೆ ಹೋಗುವುದನ್ನೇ ನಿಲ್ಲಿಸಿದ್ದರು. ಆ ಎಂಟು ತಿಂಗಳು ನನ್ನ ತಪ್ಪಿನಿಂದ ಹೋದವು. ಅಂದಿನಿಂದ ಎಷ್ಟೇ ಸಾಲಿದ್ದರೂ ಮೊದಲ ಹದಿನೈದು ದಿನದ ಬಗ್ಗೆ ಹೇಳದೆ ಯಾರನ್ನೂ ಕಳಿಸುವುದಿಲ್ಲ. ನಿಮಗೂ ಹೇಳುತ್ತೇನೆ.

ಮೊದಲ ವಾರ, ಎರಡನೇ ವಾರ ಹೊಟ್ಟೆ ತೊಳಸಬಹುದು. ತಲೆ ನೋಯಬಹುದು, ಬಾಯಿ ಒಣಗಬಹುದು, ಭೇದಿ ಆಗಬಹುದು, ಬೆವರು ಜಾಸ್ತಿ ಆಗಬಹುದು. ಕೆಲವರಿಗೆ ತೂಕಡಿಕೆ, ಕೆಲವರಿಗೆ ಇದ್ದ ನಿದ್ದೆಯೂ ಹೋಗುತ್ತದೆ. ಆತಂಕ ಸ್ವಲ್ಪ ದಿನ ಮೊದಲಿಗಿಂತ ಹೆಚ್ಚಾಗಬಹುದು, ಎದೆ ಡವಗುಟ್ಟಬಹುದು, ಒಳಗೊಳಗೇ ತಳಮಳ. ಎಲ್ಲವೂ ಎಲ್ಲರಿಗೂ ಬರುವುದಿಲ್ಲ, ಏನೂ ಆಗದವರೂ ಇದ್ದಾರೆ. ಬಂದರೂ ಹೆಚ್ಚಿನವು ಒಂದೆರಡು ವಾರದಲ್ಲಿ ಇಳಿಯುತ್ತವೆ. ನಿಮಗೆ 5 ಎಂ.ಜಿ.ಯಿಂದ ಶುರು ಮಾಡಿರುವುದು ಇದಕ್ಕೇ. ಸಾಮಾನ್ಯ ಡೋಸ್ 10, ಹೆಚ್ಚೆಂದರೆ 20. ತಿಂಡಿ ಆದ ಮೇಲೆ ತಗೊಳ್ಳಿ, ಹೊಟ್ಟೆ ತೊಳಸುವುದು ಕಡಿಮೆ ಆಗುತ್ತದೆ. ತೂಕಡಿಕೆ ಬಂದರೆ ರಾತ್ರಿಗೆ ಬದಲಾಯಿಸಬಹುದಾ ಎಂದು ಕೇಳಿ. ಒಂದು ದಿನ ಮರೆತರೆ ಮಾರನೇ ದಿನ ಎರಡು ನುಂಗಬೇಡಿ.

ಮನಸ್ಸಿಗೆ ಹಗುರ ಅನಿಸಲು ಎರಡರಿಂದ ನಾಲ್ಕು ವಾರ ಬೇಕು. ಪೂರ್ತಿ ಪರಿಣಾಮ ಗೊತ್ತಾಗಲು ಆರರಿಂದ ಎಂಟು ವಾರ. ಅದೂ ಲೈಟ್ ಹಾಕಿದ ಹಾಗೆ ಬರುವುದಿಲ್ಲ. ಒಂದು ದಿನ ಸಾರಿನ ವಾಸನೆಗೆ ಹಸಿವಾಗುತ್ತದೆ. ಇನ್ನೊಂದು ದಿನ ಎಚ್ಚರ ಆದಾಗ ಗಡಿಯಾರ ಐದು ಗಂಟೆ ತೋರಿಸುತ್ತದೆ. ಎಷ್ಟೋ ಸಲ ಮನೆಯವರಿಗೇ ಮೊದಲು ಗೊತ್ತಾಗುತ್ತದೆ. ಅದಕ್ಕೇ ಒಂದು ಹಳೇ ನೋಟ್‌ಬುಕ್ಕಿನಲ್ಲಿ ದಿನಾ ಎರಡು ಸಾಲು ಬರೆದಿಡಿ: ಎಷ್ಟು ನಿದ್ದೆ, ಎಷ್ಟು ಊಟ, ಏನು ತೊಂದರೆ.

ನಾನು ನಾನಾಗಿ ಉಳಿಯುತ್ತೇನಾ ಎಂದು ಕೇಳಿದ್ದೀರಿ. ಈ ಪ್ರಶ್ನೆಯ ಮುಂದೆ ಸ್ವಲ್ಪ ಹೊತ್ತು ಕೂತೆ. ನಿಮ್ಮ ಪತ್ರದಲ್ಲಿರುವ ಟೀಚರ್, ಮೂರೂವರೆಗೆ ಎದ್ದು ಕತ್ತಲು ನೋಡುವವರು, ನಲ್ಲಿ ಬಿಟ್ಟುಕೊಂಡು ಅಳುವವರು, ಅವರೇ ನೀವಾ? ಹತ್ತು ತಿಂಗಳ ಹಿಂದಿನ ನಿಮ್ಮನ್ನು ನೆನಪಿಸಿಕೊಳ್ಳಿ. ಔಷಧ ಹಿಡಿಸಿದವರು ಸಾಮಾನ್ಯವಾಗಿ ಹೇಳುವುದು 'ಮೊದಲಿನ ಹಾಗೆ ಆದೆ' ಎಂದು. ಆದರೆ ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಕೆಲವರಿಗೆ ಭಾವನೆಗಳೇ ಮಂಕಾದ ಹಾಗೆ ಆಗುತ್ತದೆ, ದುಃಖವೂ ಇಲ್ಲ, ಸಂತೋಷವೂ ಇಲ್ಲ, ಮಗು ಓಡಿಬಂದು ತಬ್ಬಿದರೂ ಏನೂ ಅನಿಸದು. ಹಾಗಾದರೆ ಇದೇ ನನ್ನ ಹಣೆಬರಹ ಎಂದು ಸಹಿಸಬೇಡಿ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು. ದಾಂಪತ್ಯದಲ್ಲಿ ಆಸೆ ಕಡಿಮೆ ಆಗುವುದು, ತೃಪ್ತಿ ಸಿಗದಿರುವುದು ಕೂಡ ಈ ಮಾತ್ರೆಗಳಲ್ಲಿ ಸಾಕಷ್ಟು ಕಾಣುವ ತೊಂದರೆ. ಇದು ಎಲ್ಲರಲ್ಲೂ ತಾನಾಗಿ ಹೋಗುವುದಿಲ್ಲ. ಹೆಣ್ಣುಮಕ್ಕಳು ಇದನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ, ಸುಮ್ನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ದಯವಿಟ್ಟು ಹೇಳಿ. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿ.

ಜೀವನಪೂರ್ತಿಯ ಮಾತು. ಮೊದಲ ಸಲ ಖಿನ್ನತೆ ಬಂದವರಿಗೆ, ಪೂರ್ತಿ ಚೆನ್ನಾದ ಮೇಲೆ ಇನ್ನೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ ನಿಲ್ಲಿಸುವುದು ರೂಢಿ. ಮತ್ತೆ ಮತ್ತೆ ಬಂದವರಿಗೆ ಜಾಸ್ತಿ ಕಾಲ ಬೇಕಾಗಬಹುದು. ಚೆನ್ನಾಗಿದ್ದೇನಲ್ಲ ಎಂದು ಎರಡನೇ ತಿಂಗಳಿಗೇ ಬಿಟ್ಟರೆ ಕಾಯಿಲೆ ಮರಳುವ ಸಾಧ್ಯತೆ ಹೆಚ್ಚು. ಬಿಡುವಾಗ ಒಮ್ಮೆಲೇ ಬಿಡಬಾರದು. ಬಿಟ್ಟರೆ ತಲೆಸುತ್ತು, ಸಿಡಿಮಿಡಿ, ವಿಚಿತ್ರ ಕನಸು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಜುಮ್ಮೆನ್ನುವುದು, ಇವೆಲ್ಲ ಆಗಬಹುದು. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಮೆಲ್ಲಗೆ ಇಳಿಸುತ್ತಾ ಬರಬೇಕು. ಕೆಲವರಿಗೆ ಇಳಿಸುವುದು ಕಷ್ಟವೇ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ದಾರಿ ಇದೆ.

ನಿಮ್ಮ ಮೈದುನನಿಗೆ ಹೇಳಿ, ಕಿಡ್ನಿಯ ಮಾತು ಬಹುಶಃ ಲಿಥಿಯಂ ಎಂಬ ಬೇರೆ ಔಷಧದಿಂದ ಬಂದಿರಬೇಕು. ಅದಕ್ಕೆ ರಕ್ತ ಪರೀಕ್ಷೆ, ಕಿಡ್ನಿ ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಆರೋಗ್ಯವಾಗಿರುವ ಕಿಡ್ನಿಯನ್ನು ಹಾಳು ಮಾಡುವ ಮಾತ್ರೆ ಎಂದು ಎಸ್ಸಿಟಲೋಪ್ರಾಮ್‌ಗೆ ಹೆಸರಿಲ್ಲ. ಮೈಕೈ ನೋವಿಗೆ ಅಂತ ವರ್ಷಗಟ್ಟಲೆ ಕೇಳದೆ ನುಂಗುವ ಪೇನ್ ಕಿಲ್ಲರ್‌ಗಳಿಂದ ಕಿಡ್ನಿ ಕೆಡುವುದು ನಿಜ, ಅದಕ್ಕೆ ಯಾರೂ ಹೆದರುವುದಿಲ್ಲ ನೋಡಿ. ತೂಕದ ವಿಷಯ: ಮಿರ್ಟಾಜಪಿನ್, ಪ್ಯಾರೊಕ್ಸೆಟಿನ್ ಎಂಬ ಬೇರೆ ಖಿನ್ನತೆ ಮಾತ್ರೆಗಳಲ್ಲಿ ಹೆಚ್ಚುವುದು ಜಾಸ್ತಿ. ನಿಮ್ಮ ಮಾತ್ರೆಯಲ್ಲಿ ಕಡಿಮೆ, ಇಲ್ಲವೇ ಇಲ್ಲ ಎನ್ನಲಾಗದು. ಶುರು ಮಾಡುವ ದಿನ ತೂಕ ನೋಡಿ ಬರೆದಿಡಿ. ಶಾಲೆಗೆ ನೀವು ಹೇಳದೆ ಗೊತ್ತಾಗುವುದಿಲ್ಲ, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನಿಮ್ಮ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರಬೇಕು ಎಂಬ ಹಕ್ಕು ನಿಮಗಿದೆ.

ಶುರು ಮಾಡುವ ಮೊದಲು ವೈದ್ಯರಿಗೆ ಹೇಳಲೇಬೇಕಾದ ಕೆಲವು ಸಂಗತಿಗಳಿವೆ. ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡ ಅನ್ನುವಷ್ಟು ಹುರುಪು, ದುಂದು ಖರ್ಚು, ನಿಲ್ಲದ ಮಾತು, ಹೀಗೆ ಕೆಲವು ದಿನ ಇದ್ದಿರಾ? ನಿಮಗಲ್ಲದಿದ್ದರೆ ಮನೆತನದಲ್ಲಿ? ಅದು ಬೈಪೋಲಾರ್, ಅಂದರೆ ಮನಸ್ಸು ಒಮ್ಮೆ ಅತಿ ಹುರುಪಿಗೆ, ಒಮ್ಮೆ ಖಿನ್ನತೆಗೆ ಹೋಗುವ ಕಾಯಿಲೆ ಆಗಿದ್ದರೆ ಬರೀ ಈ ಮಾತ್ರೆ ಕೊಟ್ಟರೆ ತೊಂದರೆ. ಗರ್ಭಿಣಿಯಾಗುವ ಯೋಚನೆ ಇದ್ದರೆ ಹೇಳಿ. ಮೈಗ್ರೇನ್ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆ, ಆಸ್ಪಿರಿನ್, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುತ್ತಿದ್ದರೆ ಹೇಳಿ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ನೋಡಿಸಿಲ್ಲವಾದರೆ ನೋಡಿಸಬೇಕಾ ಎಂದು ಕೇಳಿ. ಥೈರಾಯ್ಡ್ ಕಡಿಮೆ ಇದ್ದರೂ ಹೀಗೇ ಮಂಕು ಕವಿಯುತ್ತದೆ.

ಮೊದಲ ಮಾತ್ರೆಯೇ ಎಲ್ಲರಿಗೂ ಹಿಡಿಸುತ್ತದೆ ಎಂದು ನಾನು ಭರವಸೆ ಕೊಡಲಾರೆ. ಅಮೆರಿಕದಲ್ಲಿ ಸುಮಾರು 4,000 ಜನರ ಮೇಲೆ ಸ್ಟಾರ್‌ಡಿ ಎಂಬ ದೊಡ್ಡ ಅಧ್ಯಯನ ನಡೆದಿತ್ತು, ಅದರಲ್ಲಿ ಮೊದಲ ಔಷಧದಿಂದಲೇ ಪೂರ್ತಿ ಗುಣವಾದವರು ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರು. ಉಳಿದವರಲ್ಲಿ ಕೆಲವರಿಗೆ ಅರ್ಧಂಬರ್ಧ ಗುಣ, ಕೆಲವರಿಗೆ ಬೇರೆ ಮಾತ್ರೆ ಬೇಕಾಯಿತು. ಹಾಗಾಗಿ ಎಂಟು ವಾರಕ್ಕೆ ಏನೂ ಆಗದಿದ್ದರೆ ನಿಮ್ಮ ಕತೆ ಮುಗಿಯಿತು ಎಂದುಕೊಳ್ಳಬೇಡಿ. ಕೌನ್ಸೆಲಿಂಗ್ ಕೂಡ ಜೊತೆಗೆ ಕೇಳಿ. ಖಿನ್ನತೆ ಹಗುರವಾಗಿದ್ದರೆ ಬರೀ ಮಾತಿನ ಚಿಕಿತ್ಸೆಯಲ್ಲೇ ಶುರು ಮಾಡಬಹುದು. ನಿಮ್ಮದು ಹತ್ತು ತಿಂಗಳು ಎಳೆದು ನಿದ್ದೆ, ಊಟ, ಕೆಲಸ ಎಲ್ಲವನ್ನೂ ಹಿಡಿದಿದೆ. ಆದ್ದರಿಂದ ನಿಮ್ಮ ವೈದ್ಯರು ಮಾತ್ರೆ ಬರೆದದ್ದು ನನಗೆ ಸರಿ ಅನಿಸುತ್ತದೆ.

ಕೊನೆಗೂ ನುಂಗುವವರು ನೀವು, ತೀರ್ಮಾನ ನಿಮ್ಮದೇ. ಶುರು ಮಾಡುವುದಾದರೆ ಮಾರನೇ ದಿನ ರಜೆ ಇರುವ ಹಾಗೆ ನೋಡಿಕೊಂಡು ಮಾಡಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ, ಮೈದುನನೇ ಆಗಬೇಕಿಲ್ಲ. ಎರಡು ವಾರಕ್ಕೆ ವೈದ್ಯರನ್ನು ನೋಡಿ. ಸಾಯಬೇಕು ಅನ್ನುವ ಯೋಚನೆ ಬಂದರೆ, ಅಥವಾ ಈಗಲೇ ಇದ್ದು ಪತ್ರದಲ್ಲಿ ಬರೆಯದೆ ಬಿಟ್ಟಿದ್ದರೆ, ಎರಡು ವಾರ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಇದು ಟೆಲಿ ಮಾನಸ್, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ತೀರಾ ತುರ್ತು ಅನಿಸಿದರೆ ಹತ್ತಿರದ ಆಸ್ಪತ್ರೆಗೆ ಹೋಗಿಬಿಡಿ.

ಪ್ರಶ್ನೆ: ನನಗೆ 21. ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದೇನೆ. ಡಾಕ್ಟರ್ ಖಿನ್ನತೆಗೆ ಫ್ಲುಯೊಕ್ಸೆಟಿನ್ ಎಂಬ ಮಾತ್ರೆ ಬರೆದಿದ್ದಾರೆ. ನನ್ನ ವಯಸ್ಸಿನವರಿಗೆ ಇದು ಆತ್ಮಹತ್ಯೆಯ ಯೋಚನೆ ತರುತ್ತದೆ ಎಂದು ಓದಿದೆ. ಗುಣವಾಗಲು ತಗೊಳ್ಳುವ ಮಾತ್ರೆಯೇ ಹೀಗೆ ಮಾಡಿದರೆ?

ಉತ್ತರ: ನೀವು ಓದಿದ್ದು ಸುಳ್ಳಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ ಈ ಎಚ್ಚರಿಕೆ ಹಾಕಿತು, 2007ರಲ್ಲಿ 24 ವರ್ಷದವರೆಗೆ ವಿಸ್ತರಿಸಿತು. ಮಕ್ಕಳ ಮೇಲಿನ ಪ್ರಯೋಗಗಳಲ್ಲಿ, ಹೋಲಿಸಿ ನೋಡಲು ಕೊಡುವ ಔಷಧವಿಲ್ಲದ ಸಕ್ಕರೆ ಗುಳಿಗೆ ತಗೊಂಡವರಲ್ಲಿ 100ಕ್ಕೆ ಸುಮಾರು 2 ಜನರಲ್ಲಿ ಇಂಥ ಯೋಚನೆ ಅಥವಾ ಪ್ರಯತ್ನ ಕಂಡಿತ್ತು, ಔಷಧ ತಗೊಂಡವರಲ್ಲಿ ಸುಮಾರು 4. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆಯಿಂದ ಸಾಯಲಿಲ್ಲ. ಇದರ ಅರ್ಥ, ನಿಮ್ಮ ವಯಸ್ಸಿನವರು ಮಾತ್ರೆ ಶುರು ಮಾಡುವಾಗ, ಡೋಸ್ ಬದಲಾಗುವಾಗ ಮೊದಲ ವಾರಗಳಲ್ಲಿ ಒಬ್ಬರೇ ಇರಬಾರದು. ಖಿನ್ನತೆಗೆ ಚಿಕಿತ್ಸೆ ಇಲ್ಲದೆ ಬಿಡುವುದರಲ್ಲೂ ಇದೇ ಅಪಾಯ ಇದೆ, ಅದನ್ನೂ ತಕ್ಕಡಿಯಲ್ಲಿ ಇಡಬೇಕು ಅಲ್ವಾ?

ಹಾಗಾಗಿ ರೂಮ್‌ಮೇಟ್‌ಗೆ ಹೇಳಿ, ಅಥವಾ ಸಾಧ್ಯವಾದರೆ ಮೊದಲ ಹತ್ತು ದಿನ ಊರಿಗೆ ಹೋಗಿ ಶುರು ಮಾಡಿ. ಒಂದೇ ವಾರಕ್ಕೆ ವೈದ್ಯರನ್ನು ಕಾಣಿ, ತಿಂಗಳಿಗಲ್ಲ. ಕೂತಲ್ಲಿ ಕೂರಲಾಗದ ಚಡಪಡಿಕೆ, ವಿಪರೀತ ಸಿಟ್ಟು, ಇದ್ದಕ್ಕಿದ್ದಂತೆ ಹುರುಪು, ಸಾವಿನ ಯೋಚನೆ, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಫೋನ್ ಮಾಡಿ. ಹದಿನೈದು ದಿನಕ್ಕಷ್ಟೇ ಮಾತ್ರೆ ತಂದಿಟ್ಟುಕೊಳ್ಳಿ. ಕುಡಿಯುವ ಅಭ್ಯಾಸ ಇದ್ದರೆ ಈ ದಿನಗಳಲ್ಲಿ ಬೇಡವೇ ಬೇಡ.

ಪ್ರಶ್ನೆ: ನನ್ನ ಹೆಂಡತಿ ಹೋದ ವಾರದಿಂದ ಖಿನ್ನತೆಗೆ ಮಾತ್ರೆ ತಗೊಳ್ಳುತ್ತಿದ್ದಾಳೆ. ನಾವು ದಾವಣಗೆರೆ ಕಡೆಯವರು. ಅವಳು ತುಂಬಾ ಹೆದರಿದ್ದಾಳೆ. ನಾನು ಹೇಗೆ ನಡೆದುಕೊಳ್ಳಬೇಕು? ದಿನಾ ನೆನಪಿಸಬೇಕಾ?

ಉತ್ತರ: ನೆನಪಿಸಲಾ ಎಂದು ಅವರನ್ನೇ ಕೇಳಿ. ಬೇಡ ಎಂದರೆ ಬಿಡಿ. ಒಂದು ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಆಡಬಾರದು. ಅವರಿಗೆ ಕೋಪ ಬಂದಾಗ 'ಯಾಕೆ, ಇವತ್ತು ಮಾತ್ರೆ ತಗೊಂಡಿಲ್ವಾ?' ಎನ್ನುವುದು. ಈ ಮಾತು ಕೇಳಿಯೇ ಮಾತ್ರೆ ಬಿಟ್ಟ ಹೆಂಗಸರನ್ನು ನಾನು ಕಂಡಿದ್ದೇನೆ. ಅವರ ಕೋಪಕ್ಕೆ ನಿಜವಾದ ಕಾರಣ ಇರಬಹುದು, ಅದನ್ನು ಕೇಳಿಸಿಕೊಳ್ಳಿ. ಮೊದಲ ಎರಡು ವಾರ ಬೆಳಗಿನ ತಿಂಡಿ, ಮಕ್ಕಳ ಡಬ್ಬಿ ನೀವು ನೋಡಿಕೊಳ್ಳಿ, ಹೊಟ್ಟೆ ತೊಳಸುವಾಗ ಒಗ್ಗರಣೆ ವಾಸನೆ ತಡೆಯಲು ಆಗುವುದಿಲ್ಲ. ಮಾತ್ರೆ ದುಬಾರಿ ಅನಿಸಿದರೆ ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮ ತಾಲ್ಲೂಕಿನಲ್ಲಿ ಯಾವಾಗ ಎಂದು ಕೇಳಿ ತಿಳಿದುಕೊಳ್ಳಿ. ಮುಂದಿನ ಸಲ ಅವರು ಡಾಕ್ಟರ್ ಹತ್ತಿರ ಹೋಗುವಾಗ ನೀವೂ ಹೋಗಿ. ಹೊರಗೆ ಬೆಂಚಿನ ಮೇಲೆ ಕೂತಿರಿ. ಕರೆದರೆ ಒಳಗೆ ಹೋಗಿ.