ಬರ್ತಾಳ ಮೌನ, ಕ್ರಿಸ್ಟೋಫೀನಳ ನಿರ್ಗಮನ: ಲೇಖಕರೊಬ್ಬರಿಗೆ ಪತ್ರ

ಮಾನ್ಯರೇ,

ಷಾರ್ಲೆಟ್ ಬ್ರಾಂಟೆಯ ‘ಜೇನ್ ಐರ್’ (1847) ಮತ್ತು ಅದಕ್ಕೆ ಎದುರುತ್ತರವಾಗಿ ಜೀನ್ ರೀಸ್ ಬರೆದ ‘ವೈಡ್ ಸರ್ಗ್ಯಾಸೊ ಸೀ’ (1966) ಕಾದಂಬರಿಗಳಲ್ಲಿ ‘ಅನ್ಯತೆ’ಯನ್ನು, ಎಂದರೆ ಒಬ್ಬರನ್ನು ನಮ್ಮವರಲ್ಲವೆಂದು ಹೊರಗಿಡುವ ಬಗೆಯನ್ನು, ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾಗದು. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಲೇಖನದ ಅರ್ಧಭಾಗ ಪಶ್ಚಿಮವು ಪೂರ್ವವನ್ನು ಅನ್ಯವಾಗಿ ಚಿತ್ರಿಸಿದ ಬಗೆಯನ್ನು ಕುರಿತ ಎಡ್ವರ್ಡ್ ಸಯೀದರ ‘ಓರಿಯೆಂಟಲಿಸಂ’ (1978) ಗ್ರಂಥದ ಸಾರಾಂಶಕ್ಕೇ ಸಂದಿದೆ. ಕಾದಂಬರಿಗಳು ತಡವಾಗಿ, ಸಿದ್ಧಾಂತದ ಪರ ಸಾಕ್ಷಿ ಹೇಳುವುದಕ್ಕಷ್ಟೇ ಬರುತ್ತವೆ. ಬ್ರಾಂಟೆ, ಜೇನ್ ಪ್ರೀತಿಸುವ ರೋಚೆಸ್ಟರನ ಹುಚ್ಚು ಹೆಂಡತಿ ಬರ್ತಾಳನ್ನು ಅನ್ಯಳನ್ನಾಗಿಸುತ್ತಾಳೆ ಎನ್ನುತ್ತೀರಿ, ಹೇಗೆಂದು ಹೇಳುವುದಿಲ್ಲ. ಜಮೈಕಾದಲ್ಲಿ ಮದುವೆಯಾಗಿ ಇಂಗ್ಲೆಂಡಿಗೆ ಬಂದು, ಗಂಡನ ಬಂಗಲೆಯಾದ ಥಾರ್ನ್‌ಫೀಲ್ಡಿನ ಮೂರನೆಯ ಅಂತಸ್ತಿನಲ್ಲಿ ಬಂಧಿಯಾಗಿರುವ ಆಕೆ ನಮಗೆ ಕೇಳಿಸುವುದು ನಗೆಯಾಗಿ, ಗುರುಗುಟ್ಟುವಿಕೆಯಾಗಿ. ಆಕೆ ಆಡಿದಳೆನ್ನಲಾದ ಮಾತು ಕೂಡ, ಗುಂಡಿಗೆಯ ರಕ್ತವನ್ನೆಲ್ಲ ಬಸಿದುಬಿಡುತ್ತೇನೆ ಎಂದದ್ದು, ಗಾಯಗೊಂಡ ಸೋದರನ ಬಾಯಿಂದ ಬರುತ್ತದೆ. ಆಕೆಯ ಹಿಂದಿನ ಬದುಕನ್ನು ವಿವರಿಸುವವನೋ, ಆಕೆಯಿಂದ ಬಿಡುಗಡೆ ಬಯಸುತ್ತಿರುವ ಗಂಡ. ಅನ್ಯತೆ ಕಟ್ಟಲ್ಪಡುವುದು ಇಂಥಲ್ಲಿ, ಯಾರ ಮಾತು ಯಾರ ಮೂಲಕ ನಮ್ಮನ್ನು ತಲುಪುತ್ತದೆ ಎಂಬ ಏರ್ಪಾಟಿನಲ್ಲಿ.

ರೀಸ್ ‘ದನಿಯಿಲ್ಲದವಳಿಗೆ ದನಿ ನೀಡಿದರು’ ಎಂದು ಮುಗಿಸಿದ್ದೀರಿ. (ಈ ಮಾತಿಲ್ಲದ ವಿಮರ್ಶಾ ಲೇಖನ ನಮ್ಮ ಮೇಜಿಗೆ ಬರುವುದೇ ಅಪರೂಪವಾಗಿದೆ.) ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಹುಟ್ಟಿದ ರೀಸ್ ಬರ್ತಾಳನ್ನು ಆಂಟ್ವಾನೆಟ್ ಎಂಬ ಬಿಳಿಯ ಕ್ರಿಯೋಲ್ (ಕೆರಿಬಿಯನ್‌ನಲ್ಲೇ ಹುಟ್ಟಿದ, ಯುರೋಪಿಯನ್ ಮೂಲದ) ಹೆಣ್ಣಾಗಿ ಮರುಸೃಷ್ಟಿಸಿದರು ನಿಜ. ಆದರೆ ಆಕೆ ಹಿಂದೆ ಗುಲಾಮರನ್ನು ಇಟ್ಟುಕೊಂಡಿದ್ದ ಮನೆತನದ ಮಗಳು. ಗುಲಾಮಗಿರಿಯನ್ನು ರದ್ದುಗೊಳಿಸಿದ 1833ರ ಕಾಯಿದೆಯ ನಂತರ ಆ ಮನೆತನ ಬಡವಾಗಿದೆ, ಕಪ್ಪುಜನ ಅವರನ್ನು ‘ಬಿಳಿ ಜಿರಲೆ’ಗಳೆಂದು ಹಂಗಿಸುತ್ತಾರೆ. ಆಕೆಯನ್ನು ಸಾಕಿದ, ಮಾರ್ಟಿನೀಕ್ ಮೂಲದ ಕಪ್ಪು ಹೆಂಗಸು ಕ್ರಿಸ್ಟೋಫೀನ್ ನಿಮ್ಮ ಲೇಖನದಲ್ಲಿ ಒಮ್ಮೆಯೂ ಕಾಣಿಸುವುದಿಲ್ಲ. ಆಂಟ್ವಾನೆಟಳ ಗಂಡನೆದುರು ನಿಂತು ಅವನ ದುರಾಸೆಯನ್ನು ಎತ್ತಿ ಆಡುವ ಎದೆಗಾರಿಕೆ ಇಡೀ ಕಾದಂಬರಿಯಲ್ಲಿ ಇರುವುದು ಆಕೆಗೆ. ಅವನು ಮ್ಯಾಜಿಸ್ಟ್ರೇಟರ, ಪೊಲೀಸರ ಹೆಸರೆತ್ತುತ್ತಾನೆ. ತನಗೆ ಓದುಬರಹ ಬಾರದು, ಬೇರೆ ಸಂಗತಿಗಳು ಗೊತ್ತು ಎಂದು ಹೇಳಿ ಆಕೆ ಹಿಂತಿರುಗಿ ನೋಡದೆ ನಡೆದುಬಿಡುತ್ತಾಳೆ, ಕಥೆಯೂ ಆಕೆಯನ್ನು ಹಿಂಬಾಲಿಸುವುದಿಲ್ಲ. ಬಿಳಿಯ ಕ್ರಿಯೋಲಳ ಪರವಾಗಿ ನಿಂತ ಈ ಕೃತಿಯ ಚೌಕಟ್ಟಿನಲ್ಲಿ ಕ್ರಿಸ್ಟೋಫೀನಳಿಗೆ ಎಡೆಯಿಲ್ಲ ಎಂದು ವಿಮರ್ಶಕಿ ಗಾಯತ್ರಿ ಸ್ಪಿವಾಕ್ 1985ರಲ್ಲೇ ವಾದಿಸಿದ್ದರು. ನೀವು ಒಪ್ಪಲೇಬೇಕೆಂದಿಲ್ಲ, ಆಕೆಯ ನಿರ್ಗಮನವನ್ನೇ ಪ್ರತಿಭಟನೆಯೆಂದು ಓದಲು ಅವಕಾಶವಿದೆ. ಆದರೆ ಆ ವಾದವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ.

ಕೊನೆಯ ಪ್ಯಾರಾದಲ್ಲಿ ‘ಚೋಮನ ದುಡಿ’ಯನ್ನು (1933) ತಂದಿರುವುದು ಕನ್ನಡದ ಓದುಗರನ್ನು ಒಲಿಸಿಕೊಳ್ಳಲೆಂದು ತೋರುತ್ತದೆ. ಅದನ್ನು ತೆಗೆಯಿರಿ, ಚೋಮನಿಗೆ ನಾಲ್ಕು ಸಾಲು ಸಾಲವು. ಹೊಸ ಕರಡನ್ನು ಕ್ರಿಸ್ಟೋಫೀನಳ ಜಗಳದಿಂದಲೇ ಆರಂಭಿಸಿ. ಸಯೀದರಿಗೆ ಒಂದು ಪ್ಯಾರಾ ಸಾಕು.

ಸಂಪಾದಕ