ಯಾರಿಗೂ ಕಾಣದಂಥ ಕಿವಿ ಮಷಿನ್ ಯಾವುದು ತಗೋಬೇಕು?

ತಪಾಸಣೆಯಲ್ಲಿ "ಸೌಮ್ಯ ಶ್ರವಣದೋಷ" ಅಂತ ಬಂದಿದೆ, ಆಫೀಸಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಹಾಕಿಕೊಳ್ಳೋ ಮಷಿನ್ ಆನ್‌ಲೈನ್‌ನಲ್ಲಿ ಯಾವುದಿದೆ ಅಂತ ಕೇಳಿದ್ದೀರಿ. ಮಷಿನ್ ಮಾತು ಆಮೇಲೆ. ನನ್ನ ತಕರಾರು ಇರೋದು "ಯಾರಿಗೂ ಗೊತ್ತಾಗದ ಹಾಗೆ" ಅನ್ನೋದಕ್ಕೇ. ನಾನೂ ಮುಚ್ಚಿಟ್ಟುಕೊಂಡೇ ವರ್ಷಗಟ್ಟಲೆ ನಡೆಸಿದವನು.

ಹರೆಯದಲ್ಲಿ ಬೆಟಗೇರಿಯ ಪಾವರ್‌ಲೂಮ್ ಶೆಡ್‌ನಲ್ಲಿ ದುಡಿದೆ. ಪಕ್ಕದ ಮಗ್ಗದವನ ಜೊತೆ ಕೂಗಿಯೇ ಮಾತಾಡಬೇಕು, ಇಲ್ಲವೇ ಕೈಸನ್ನೆ. ಕೈಯಳತೆ ದೂರದಲ್ಲಿ ನಿಂತವನಿಗೆ ಕೂಗಿ ಹೇಳಬೇಕು ಅಂದರೆ ಅಲ್ಲಿಯ ಸಪ್ಪಳ 85 ಡೆಸಿಬೆಲ್ ದಾಟಿದೆ ಅಂತ ತಿಳೀರಿ. 85ರಲ್ಲಿ ದಿನಕ್ಕೆ 8 ತಾಸು ಅಂತ ತಜ್ಞರು ಹೇಳೋ ಮಿತಿ, ಮುಂದೆ 3 ಡೆಸಿಬೆಲ್ ಏರಿದಂತೆಲ್ಲ ಆ ವೇಳೆ ಅರ್ಧಕ್ಕೆ ಇಳೀತದೆ. ಸಪ್ಪಳ ಹಿಡಿಯೋ ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟೋದಿಲ್ಲ. ಆಗ ನಮಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಮುಂದೆ ಗದಗಿನಲ್ಲಿ ಸಣ್ಣದೊಂದು ಸೀರೆ ಅಂಗಡಿ ಹಾಕಿದೆ. ಗಿರಾಕಿ ಹೆಣ್ಣುಮಕ್ಕಳು ಮೆಲ್ಲಗೆ ಮಾತಾಡಿದರೆ ದನಿ ಕೇಳಿಸೋದು, ಮಾತು ತಿಳೀತಿರಲಿಲ್ಲ. "ಹೂಂ ರೀ, ಹೂಂ" ಅಂತ ತಲೆ ಆಡಿಸಿಬಿಡೋದು ರೂಢಿಯಾಯ್ತು.

ಒಮ್ಮೆ ಮುಂಡರಗಿ ಕಡೆಯ ಹಳೇ ಗಿರಾಕಿಯೊಬ್ಬರು ಮಗಳ ಮದುವೆಯ ಆಯೇರಿ (ಉಡುಗೊರೆ) ಸೀರೆಗೆ ಫೋನಿನಲ್ಲೇ ಆರ್ಡರ್ ಕೊಟ್ಟರು. "ಹದಿನಾಲ್ಕಕ್ಕ ಮುಟ್ಟಬೇಕ ನೋಡ್ರಿ" ಅಂದಿದ್ದರು. ನನಗೆ ಕೇಳಿದ್ದು "ಹದಿನಾರಕ್ಕ". ಎರಡರಲ್ಲೂ ಮುಂದಿನದು ಹಿಂದಿನದು ಒಂದೇ, ನಡುವಿನ ಅಕ್ಷರ ನನಗೆ ಹಾರಿತ್ತು. ಅನುಮಾನ ಬಂದಿತ್ತು. ಇದನ್ನೇ ಒತ್ತಿ ಹೇಳ್ತಿದ್ದೀನಿ: ಅನುಮಾನ ಬಂದಿತ್ತು, ಆದರೂ "ಹೂಂ ರೀ" ಅಂದೆ. ಮದುವೆ ಹದಿನೈದಕ್ಕೆ. ನನ್ನ ಗಂಟು ಹೋಗಿ ಮುಟ್ಟಿದ್ದು ಮರುದಿನ. ಬೀಗರ ಮುಂದೆ ಆ ಮನೆಯವರು ಅವತ್ತು ಬೇರೆ ಕಡೆಯಿಂದ ಸಿಕ್ಕಿದ್ದು ತಂದು ಮಾನ ಉಳಿಸಿಕೊಂಡರಂತೆ. ಗಂಟು ವಾಪಸು ಬಂತು. ಅವರು ಮತ್ತೆ ನನ್ನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ, ಅವರ ನೆಂಟರೂ ಹತ್ತಲಿಲ್ಲ.

ತಪ್ಪು ಕಿವಿಯದ್ದಲ್ಲ. ಫೋನ್ ಇಟ್ಟುಕೊಂಡೇ "ಹದಿನಾರು, ಅಂದ್ರ ಮಂಗಳವಾರ, ಹೌದಲ್ರೀ?" ಅಂತ ಕೇಳಿದ್ದರೆ ಅವರು ಅಲ್ಲೇ "ಇಲ್ರೀ, ರವಿವಾರ" ಅಂತ ತಿದ್ದುತ್ತಿದ್ದರು. ತಾರೀಖಿನ ಜೊತೆ ವಾರ, ದರ ಹೇಳುವಾಗ ಒಂದೊಂದೇ ಅಂಕಿ, ಇದು ಈಗ ನನ್ನ ಅಂಗಡಿಯ ಪದ್ಧತಿ. ಆದರೆ ಹಾಗೆ ಕೇಳಬೇಕಾದರೆ ಮೊದಲು "ನನಗ ಸ್ವಲ್ಪ ಕಿವಿ ಮಂದ" ಅಂತ ಬಾಯಿಬಿಟ್ಟು ಹೇಳೋ ಧೈರ್ಯ ಬೇಕು. ಅದು ಇಲ್ಲದ್ದಕ್ಕೇ "ಹೂಂ". ನೀವು ಹುಡುಕುತ್ತಿರೋ ಕಾಣದ ಮಷಿನ್ನೂ ಆ "ಹೂಂ"ನ ಇನ್ನೊಂದು ರೂಪ ಅಂತ ನನಗೆ ಅನಿಸ್ತದೆ.

ಆ ಮದುವೆ ಕಳೆದ ಮೇಲೆ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಮಾಡಿಸಿದೆ. ಕಿವಿಗೆ ಕೇಳಿಸೋ ತೀರ ಸಣ್ಣ ಸಪ್ಪಳ ಸಾಮಾನ್ಯವಾಗಿ 26ರಿಂದ 40 ಡೆಸಿಬೆಲ್ ನಡುವೆ ಬಂದರೆ ಸೌಮ್ಯ ಅಂತ ಬರೀತಾರೆ. ನನ್ನ ಸರಾಸರಿಯೂ ಅಷ್ಟೇ, ಆದರೆ ತಪಾಸಣೆ ಚಾರ್ಟಿನ ಗೆರೆ 4000 ಹರ್ಟ್ಸ್ ಹತ್ತಿರ, ಅಂದರೆ ಮೇಲಿನ ಸ್ಥಾಯಿಯಲ್ಲಿ, ಕುಸಿದಿತ್ತು. ಸಪ್ಪಳದಿಂದ ಕೆಟ್ಟ ಕಿವಿಯ ಗುರುತು ಅದು. ಅ, ಆ, ಓ ದಂಥ ಸ್ವರಗಳಿಗೆ ಬಲ ಜಾಸ್ತಿ, ಅವು ಕೇಳಿಸ್ತವೆ. ಸ, ಶ, ತ, ಕ ದಂಥ ವ್ಯಂಜನಗಳ ಸಪ್ಪಳ ಸಣ್ಣದು, ಮೇಲಿನ ಸ್ಥಾಯಿಯದು, ಅವೇ ತಪ್ಪಿಹೋಗ್ತವೆ. ಸಾದಾ ಫೋನ್ ಕರೆಯಲ್ಲಂತೂ 3400 ಹರ್ಟ್ಸ್ ಮೇಲಿನದು ಹೆಚ್ಚುಕಡಿಮೆ ಬರೋದೇ ಇಲ್ಲ. ಹಾಗಾಗಿ "ಸೌಮ್ಯ" ಅನ್ನೋದು ಗೆರೆಯ ಲೆಕ್ಕ, ನಿಮ್ಮ ತ್ರಾಸಿನ ಲೆಕ್ಕವಲ್ಲ.

ಈಗ ಮಷಿನ್. ತಪಾಸಣೆ ಇಲ್ಲದೆ ಆನ್‌ಲೈನ್‌ನಲ್ಲಿ ಸಿಗೋ ಅಗ್ಗದ ಆಂಪ್ಲಿಫೈಯರ್ ಬೇಡವೇ ಬೇಡ. ಅದು ಫ್ಯಾನು, ಮಿಕ್ಸಿ, ಮಾತು ಎಲ್ಲವನ್ನೂ ಒಟ್ಟಿಗೇ ದೊಡ್ಡದು ಮಾಡ್ತದೆ. ನನ್ನ ಹಾಗೆ ಕೆಳಸ್ಥಾಯಿ ಚೆನ್ನಾಗಿದ್ದು ಮೇಲಿನದು ಮಾತ್ರ ಹೋಗಿದ್ದರೆ, ಕಿವಿಯೊಳಗೆ ಬಿರಡೆ ಬಡಿದಂತೆ ಕೂರೋ ಕಾಣದ ಮಷಿನ್ನಿನಲ್ಲಿ ನಿಮ್ಮ ದನಿ ನಿಮಗೇ ಗುಂಯ್ ಅಂತದೆ. ಕಿವಿಯ ಹಿಂದೆ ಕೂತು, ತೆಳು ತಂತಿ ಮಾತ್ರ ಒಳಗೆ ಇಳಿಯೋ ನಮೂನೆಯೇ ಅಂಥವರಿಗೆ ಹೆಚ್ಚಾಗಿ ಹೊಂದೋದು. ಕಾಣ್ತದೆ. ಕಾಣಲಿ ಬಿಡ್ರಿ, ಎದುರಿನವರು ತಾವಾಗಿಯೇ ಮುಖ ತಿರುಗಿಸಿ ಮಾತಾಡ್ತಾರೆ. ಕೊಳ್ಳುವ ಮೊದಲು ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಹತ್ತಿರ ಟ್ರಯಲ್ ಕೇಳಿ. ಮೊದಲ ಕೆಲವು ವಾರ ಪಾತ್ರೆ ಸಪ್ಪಳವೂ ಕಿರಿಕಿರಿ ಅನಿಸ್ತದೆ, ಬಿಚ್ಚಿ ಡಬ್ಬಿಗೆ ಹಾಕಬೇಡಿ.

ಇದಕ್ಕೂ ಮುಂಚೆ ಒಮ್ಮೆ ಇಎನ್‌ಟಿ (ಕಿವಿ-ಮೂಗು-ಗಂಟಲು) ಡಾಕ್ಟರಿಗೆ ತೋರಿಸಿ. ಹುಬ್ಬಳ್ಳಿಯ ಕಿಮ್ಸ್, ಗದಗಿನ ಜಿಮ್ಸ್ ಅಂತ ಜನ ಕರೆಯೋ ಸರಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಆ ವಿಭಾಗ ಇದೆ. ಗುಗ್ಗೆ (ಕಿವಿಯ ಮೇಣ) ಗಟ್ಟಿಯಾಗಿದ್ದರೆ, ಕಿವಿಯ ತಮಟೆಯ ಹಿಂದೆ ನೀರು ನಿಂತಿದ್ದರೆ ಮಷಿನ್ ಇಲ್ಲದೆಯೂ ಸರಿಹೋಗಬಹುದು. ಮನೆಯಲ್ಲಿ ಹಿರಿಯರು ಬೆಳ್ಳುಳ್ಳಿ ಎಣ್ಣೆ ಕಾಸಿಟ್ಟು ಕರೀತಾರೆ, ಹಾಕಿಸಿಕೊಳ್ಳಬೇಡಿ, ತಮಟೆ ತೂತಾಗಿದ್ದರೆ ಒಳಗೆ ಇಳಿದು ಕೀವಾಗ್ತದೆ.

ಇನ್ನೊಂದು, ಮೇಲಿನ ಯಾವುದಕ್ಕೂ ಸೇರದ್ದು. ಒಂದು ಕಿವಿ ಮಾತ್ರ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಮಂದವಾದರೆ ಇಲ್ಲಿ ಪ್ರಶ್ನೆ ಬರೆದು ಉತ್ತರ ಕಾಯಬೇಡಿ. ಅದಕ್ಕೆ ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಉಪಯೋಗ. ಅವತ್ತೇ ಆಸ್ಪತ್ರೆಗೆ ಹೋಗಿ.